ಕೇವಟಭೋಗವೂ ಕಡಲ ಮತ್ಸ್ಯಧಾಮವೂ

ರಾಯಚೂರು ಸೀಮೆಗೆ ಕಡಲಿಲ್ಲ. ಹಿರೇಕೊಟ್ನೆಕಲ್ಲು ಮೊದಲಾದ ಮಾನ್ವಿಯ ಊರುಗಳಿಗೆ ಹೊಳೆಯೆಂದರೆ ತುಂಗಭದ್ರೆಯೇ. ಆದರೂ ಸಮುದ್ರದ ಮೀನುಗಳನ್ನು ಕಾಪಾಡುವ ಈಗಿನ ಚರ್ಚೆಗೆ ಆ ಸೀಮೆಯಿಂದ ಒಂದು ದಾರಿಯುಂಟು. 1915ರಲ್ಲಿ ಅಲ್ಲಿಯ ಮಸ್ಕಿಯಲ್ಲಿ ದೊರೆತ ಶಾಸನವು ಅಶೋಕನ ಹೆಸರನ್ನು ಸ್ಪಷ್ಟವಾಗಿ ಹೇಳಿದ್ದರಿಂದ, 'ದೇವಾನಾಂಪ್ರಿಯ'ನ ಧರ್ಮಲಿಪಿಗಳೆಲ್ಲ ಅವನವೇ ಎಂಬುದು ಸ್ಥಿರಪಟ್ಟಿತು. ಅವುಗಳಲ್ಲಿ ಉತ್ತರದೇಶದ ಐದನೆಯ ಸ್ತಂಭಶಾಸನವು ಇಲ್ಲಿ ಪ್ರಕೃತವಾದುದು.

ಅಭಿಷೇಕವಾಗಿ 26 ವರ್ಷಗಳಾದ ಬಳಿಕ ಹೊರಟ ಆ ಶಾಸನವು ಅವಧ್ಯ ಪ್ರಾಣಿಗಳ ಪಟ್ಟಿಯಲ್ಲಿ 'ಅನಠಿಕಮಛೆ', ಎಂದರೆ ಎಲುಬಿಲ್ಲದ ಮೀನನ್ನೂ ಎಣಿಸುತ್ತದೆ. ಅದು ಯಾವುದೆಂಬುದರಲ್ಲಿ ವಿದ್ವಾಂಸರಿಗೆ ಏಕಾಭಿಪ್ರಾಯವಿಲ್ಲ. ಗೊತ್ತಾದ ಹುಣ್ಣಿಮೆಗಳಲ್ಲಿಯೂ ಉಪೋಸಥದ ದಿನಗಳಲ್ಲಿಯೂ ಮೀನನ್ನು ಕೊಲ್ಲಲಾಗದು, ಮಾರಲೂ ಆಗದು. ಅದೇ ದಿನಗಳಲ್ಲಿ 'ನಾಗವನ'ದಲ್ಲಿಯೂ 'ಕೇವಟಭೋಗ'ದಲ್ಲಿಯೂ ಇತರ ಜೀವಗಳನ್ನು ಸಹ ಕೊಲ್ಲಬಾರದು. ಕೇವಟನೆಂದರೆ ಸಂಸ್ಕೃತದ ಕೈವರ್ತ, ಬೆಸ್ತ. ಭೋಗವೆಂಬುದು ಅನುಭವಿಸುವ ಹಕ್ಕು, ಆ ಹಕ್ಕಿಗೆ ಒಳಪಟ್ಟ ಸ್ಥಳ. ಕಾಲದ ಕಟ್ಟಳೆಯೂ ಸ್ಥಳದ ಕಟ್ಟಳೆಯೂ ಇಲ್ಲಿ ಕೂಡಿವೆ. ಕಾಯಬೇಕಾದ ನೀರಿಗೆ ಬೆಸ್ತನ ಹೆಸರೇ ಇದೆಯೆಂಬುದನ್ನು ಮರೆಯಲಾಗದು.

ಈ ಎರಡು ಕಟ್ಟಳೆಗಳ ಫಲ ಒಂದೇ ಅಲ್ಲ. ಕರ್ನಾಟಕದ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, 61 ದಿನಗಳು, ಯಾಂತ್ರಿಕ ದೋಣಿಗಳಿಗೆ ಕಡಲು ಮುಚ್ಚಿರುತ್ತದೆ, ನಾಡದೋಣಿಗಳಿಗೆ ವಿನಾಯಿತಿಯುಂಟು. ಹಿಂಡುಗಟ್ಟಿ ಅಲೆಯುವ ಬೂತಾಯಿ, ಬಂಗುಡೆಗಳಿಗೆ ಒಂದು ಸ್ಥಳದ ಬೇಲಿಯಿಂದ ಆಗುವ ಉಪಕಾರ ಸ್ವಲ್ಪ. ಅವುಗಳಿಗೆ ಕಾಲದ ಬಿಡುವೇ ಹಿತ. ಮುರ್ಡೇಶ್ವರದೆದುರಿನ ನೇತ್ರಾಣಿ ದ್ವೀಪದಂಥ ಕಡೆ ಹವಳ-ಬಂಡೆಗಳ ಸಂದಿಯಲ್ಲಿ ನೆಲಸಿರುವ ಮೀನಿಗಾದರೋ ಸ್ಥಳವೇ ಪ್ರಾಣ. ಎರಡು ತಿಂಗಳ ಬಿಡುವಿನಲ್ಲಿ ಅದು ಮುದಿಯಾಗಿ ಬೆಳೆಯಲಾರದು. ಬೆಳೆದುದರ ಬೆಲೆಯೋ ಬಹಳ. ಕೆಂಬೇರಿಯ ಕುಲಕ್ಕೆ ಸೇರಿದ ಅಮೇರಿಕದ ಒಂದು ಮೀನಿನಲ್ಲಿ, 61 ಸೆಂಟಿಮೀಟರು ಉದ್ದದ ಒಂದು ಹೆಣ್ಣು 42 ಸೆಂಟಿಮೀಟರಿನ 212 ಹೆಣ್ಣುಗಳಷ್ಟು ಮೊಟ್ಟೆಯಿಡುತ್ತದೆಂದು ಲೆಕ್ಕಹಾಕಿದ್ದಾರೆ. ಆ ಮೊಟ್ಟೆಮರಿಗಳು ಪ್ರವಾಹದೊಡನೆ ಗಡಿಯಾಚೆಗೆ ಸಾಗಿ ಹೊರಗಿನ ಬಲೆಯನ್ನೂ ತುಂಬುವುವು. ಮತ್ಸ್ಯಧಾಮವು ಬೆಸ್ತನಿಗೆ ಹಿಂದಿರುಗಿಸುವ ಬಡ್ಡಿ ಇದೇ.

ಬಡ್ಡಿ ಬರುವುದಕ್ಕೆ ವರ್ಷಗಳು ಹಿಡಿಯುತ್ತವೆ, ನಷ್ಟ ಮಾತ್ರ ಮೊದಲ ದಿನವೇ. ಮಹಾರಾಷ್ಟ್ರದ ಮಾಲವಣದಲ್ಲಿ 1987ರಲ್ಲಿ 29.12 ಚದರ ಕಿಲೋಮೀಟರು ಕಡಲಧಾಮವೆಂದು ಸಾರಲ್ಪಟ್ಟಿತು. ಜೀವನೋಪಾಯ ಕೈಬಿಡುವುದೆಂದು ಅಲ್ಲಿಯ ಮೀನುಗಾರರು ವಿರೋಧಿಸಿದರು. ಧಾಮವು ಬಹುಮಟ್ಟಿಗೆ ಕಾಗದದಲ್ಲಿ ಉಳಿಯಿತು. ಇದಕ್ಕೆ ಪ್ರತಿಯಾಗಿ ಶೃಂಗೇರಿಯ ತುಂಗೆಯಲ್ಲಿಯೂ ಶಿಶಿಲದ ಕಪಿಲೆಯಲ್ಲಿಯೂ ದೇವರ ಮೀನುಗಳನ್ನು ಊರವರ ಭಕ್ತಿಯೇ ಕಾದುಕೊಂಡು ಬಂದಿದೆ. ಹೊಳೆಯ ಮಡುವಿಗೆ ಸಾಕಾದ ಭಕ್ತಿ ಕಡಲಿಗೂ ಸಾಕೆನ್ನುವುದು ಸಾಹಸವೇ ಸರಿ. ಮಡುವಿನ ಮೀನಿನಿಂದ ಯಾರ ಒಲೆಯೂ ಉರಿಯಬೇಕಾಗಿರಲಿಲ್ಲ.

ಹೊನ್ನಾವರ ತಾಲೂಕಿನ ಅಪ್ಸರಕೊಂಡ-ಮುಗಳಿಯಲ್ಲಿ ಈಚಿನ ವರ್ಷಗಳಲ್ಲಿ ಸುಮಾರು 59 ಚದರ ಕಿಲೋಮೀಟರಿನ ಕಡಲಧಾಮವೊಂದು ಏರ್ಪಟ್ಟಿದೆ. ಅದರ ಬಹುಭಾಗ ಸಮುದ್ರವೇ. ಮಾಲವಣದ ಅನುಭವವನ್ನು ನೋಡಿದರೆ, ಗಡಿಯನ್ನು ಗುರುತಿಸುವುದಕ್ಕೆ ಮೊದಲು ಅಲ್ಲಿ ನಿರ್ಣಯವಾಗಬೇಕಾದದ್ದು ಪಾತಿದೋಣಿಯವರ, ರಂಪಣಿ ಬಲೆಯವರ 'ಭೋಗ'ವು ಎಷ್ಟು, ಎಲ್ಲಿ, ಯಾವ ತಿಂಗಳುಗಳಲ್ಲಿ ಎಂಬುದು.