ನಿನ್ನೆವರೆಗೂ ಚೆನ್ನಾಗಿತ್ತು

“ನಾನೇನೂ ಮಾಡಿಲ್ಲ ಸಾರ್, ನಿನ್ನೆವರೆಗೂ ಚೆನ್ನಾಗಿತ್ತು.” ಕಂಪ್ಯೂಟರ್ ರಿಪೇರಿ ಅಂಗಡಿಯವರಿಗೆ ಈ ಮಾತು ಕೇಳಿ ಕೇಳಿ ಬಾಯಿಪಾಠ. ಬ್ರೌಸರ್ ಪದೇ ಪದೇ ಹ್ಯಾಂಗ್ ಆಗುತ್ತಿರುತ್ತದೆ, ಕೆಲವೊಮ್ಮೆ ತಾನಾಗಿಯೇ ಮುಚ್ಚಿಹೋಗುತ್ತದೆ. ತಂದವರು ಮಾತ್ರ ಏನೂ ಮಾಡಿರುವುದಿಲ್ಲ. ರಿಪೇರಿಯವರು ಒಳಗೊಳಗೇ ನಗುತ್ತಾರೆ.

ಆದರೆ 2022ರ ಜನವರಿ 13ರಂದು ಫೈರ್‌ಫಾಕ್ಸ್ ಬಳಕೆದಾರರು ಈ ಮಾತು ಹೇಳಿದ್ದರೆ ಯಾರೂ ನಗುವಂತಿರಲಿಲ್ಲ. ಅಂದು ಜಗತ್ತಿನ ಎಲ್ಲೆಡೆ ಸುಮಾರು ಎರಡು ಗಂಟೆ ಕಾಲ ಆ ಬ್ರೌಸರ್‌ನಲ್ಲಿ ಪುಟಗಳು ತೆರೆಯಲೇ ಇಲ್ಲ. ಎರಡು ದಿನಗಳ ಹಿಂದಷ್ಟೇ ಅದರ 96ನೇ ಆವೃತ್ತಿ ಬಂದಿತ್ತು. ಹೀಗಾಗಿ ಅನುಮಾನವೆಲ್ಲ ಅದರ ಮೇಲೆ. ಆದರೆ ಕೆಲಸ ಕೆಡಿಸಿದ್ದು ಹೊಸ ಆವೃತ್ತಿಯಲ್ಲ. ನಿಜವಾದ ಕಾರಣ ಅರ್ಥವಾಗಬೇಕಾದರೆ ಬ್ರೌಸರ್ ಏಕೆ ನಿಂತುಹೋಗುತ್ತದೆ ಎಂಬುದನ್ನು ಮೊದಲು ನೋಡಬೇಕು.

ಒಬ್ಬನೇ ನಡೆಸುವ ಕಿರಾಣಿ ಅಂಗಡಿಯನ್ನು ನೆನೆಸಿಕೊಳ್ಳಿ. ಬೇಳೆ ತೂಗುವವನು, ಪೊಟ್ಟಣ ಕಟ್ಟುವವನು, ಚಿಲ್ಲರೆ ಕೊಡುವವನು ಎಲ್ಲ ಅವನೇ. ವೆಬ್ ಪುಟದ ಒಳಗೂ ಹೀಗೆ ಒಬ್ಬನೇ ಆಳು. ತಂತ್ರಜ್ಞರು ಅವನನ್ನು ಮುಖ್ಯ ಥ್ರೆಡ್ ಎನ್ನುತ್ತಾರೆ. ಅಕ್ಷರ, ಚಿತ್ರಗಳನ್ನು ಪರದೆಯ ಮೇಲೆ ಜೋಡಿಸುವುದು, ನಿಮ್ಮ ಕ್ಲಿಕ್ಕಿಗೆ ಓಗೊಡುವುದು, ಪುಟದ ಜೊತೆ ಬಂದ ಜಾವಾಸ್ಕ್ರಿಪ್ಟ್ ಆದೇಶಗಳನ್ನು ನಡೆಸುವುದು, ಮೂರೂ ಅವನದೇ ಪಾಲು. ಸೆಕೆಂಡಿಗೆ 60 ಸಲ ಹೊಸದಾಗುವ ಪರದೆಯಲ್ಲಿ ಒಂದು ಸುತ್ತಿಗೆ ಸಿಗುವ ಸಮಯ ಸುಮಾರು 16 ಮಿಲಿಸೆಕೆಂಡ್. ಯಾವುದೋ ಜಾಹೀರಾತಿನ ಸ್ಕ್ರಿಪ್ಟ್ ಅವನ ತಲೆಗೆ ಐದು ಸೆಕೆಂಡಿನ ಲೆಕ್ಕ ಕಟ್ಟಿದರೆ 300 ಸುತ್ತು ತಪ್ಪಿದಂತೆ. ಅಷ್ಟು ಹೊತ್ತು ನೀವು ಒತ್ತಿದ ಕೀಲಿಗಳು ಹೊರಗೆ ಸಾಲುಗಟ್ಟಿ ನಿಂತಿರುತ್ತವೆ. ಆತನಿಗೆ ಬಿಡುವಾದ ಕೂಡಲೇ ಅಕ್ಷರಗಳೆಲ್ಲ ದಬದಬನೆ ಒಟ್ಟಿಗೇ ಉದುರುವುದು ಇದಕ್ಕೇ.

ಲೆಕ್ಕ ಮುಗಿಯದೇ ಹೋದರೆ? ಆಗ ‘ಪುಟ ಸ್ಪಂದಿಸುತ್ತಿಲ್ಲ, ಕಾಯುವಿರಾ, ಮುಚ್ಚುವಿರಾ?’ ಎಂಬ ಚೌಕ ಎದುರಾಗುತ್ತದೆ. ಇಷ್ಟು ಬುದ್ಧಿವಂತ ತಂತ್ರಾಂಶ ಇದನ್ನು ನಮ್ಮನ್ನೇಕೆ ಕೇಳಬೇಕು ಎನಿಸಬಹುದು. ಉತ್ತರ 1936ರಷ್ಟು ಹಳೆಯದು. ಯಾವುದೇ ಪ್ರೋಗ್ರಾಂ ಕೊಟ್ಟರೂ ಅದು ಎಂದಾದರೂ ಮುಗಿಯುತ್ತದೆಯೇ, ಸುತ್ತುತ್ತಲೇ ಇರುತ್ತದೆಯೇ ಎಂದು ಖಚಿತವಾಗಿ ಹೇಳಬಲ್ಲ ಸಾರ್ವತ್ರಿಕ ವಿಧಾನ ಇರಲು ಸಾಧ್ಯವೇ ಇಲ್ಲ ಎಂದು ಬ್ರಿಟನ್ನಿನ ಗಣಿತಜ್ಞ ಅಲನ್ ಟ್ಯೂರಿಂಗ್ ಆಗಲೇ ಸಾಧಿಸಿ ತೋರಿಸಿದ್ದರು. ಇನ್ನೊಂದು ಕ್ಷಣದಲ್ಲಿ ಮುಗಿಯುವ ಕೆಲಸವೋ ಕೊನೆಯಿಲ್ಲದ ಸುತ್ತಾಟವೋ ಬ್ರೌಸರ್‌ಗೂ ಗೊತ್ತಿಲ್ಲ. ಒಂದಿಷ್ಟು ಹೊತ್ತು ನೋಡಿ ತೀರ್ಪನ್ನು ನಮಗೆ ಬಿಡುತ್ತದೆ.

ತಾನಾಗಿಯೇ ಮುಚ್ಚಿಹೋಗುವುದು, ಅಂದರೆ ಕ್ರ್ಯಾಶ್ ಆಗುವುದು, ಇನ್ನೊಂದೇ ಬಗೆ. ಕಾರ್ಯಾಚರಣಾ ವ್ಯವಸ್ಥೆ ಪ್ರತಿ ಪ್ರೋಗ್ರಾಮಿಗೂ ನೆನಪಿನಲ್ಲಿ, ಅಂದರೆ ರ‍್ಯಾಮ್‌ನಲ್ಲಿ, ಒಂದಷ್ಟು ಜಾಗ ಅಳೆದು ಕೊಟ್ಟಿರುತ್ತದೆ. ಬೇಲಿ ದಾಟಿ ಕೈಹಾಕಿದ ಪ್ರೋಗ್ರಾಮನ್ನು ಅದು ಅಲ್ಲೇ ಮುಗಿಸುತ್ತದೆ. ನಮಗೆ ಸಿಟ್ಟು ಬರುತ್ತದೆ ನಿಜ. ಆದರೆ ಕೆಟ್ಟ ಲೆಕ್ಕವನ್ನೇ ಹಿಡಿದು ಮುಂದುವರಿದಿದ್ದರೆ ಕಡತಗಳೂ ಕೆಡುತ್ತಿದ್ದವು, ಗುಟ್ಟುಗಳೂ ಸೋರುತ್ತಿದ್ದವು.

ಮೊದಲೆಲ್ಲ ಒಂದು ಪುಟ ಬಿದ್ದರೆ ಇಡೀ ಬ್ರೌಸರ್ ಬೀಳುತ್ತಿತ್ತು. 2008ರ ಸೆಪ್ಟೆಂಬರ್‌ನಲ್ಲಿ ಬಂದ ಕ್ರೋಮ್, ಪುಟಗಳನ್ನು ಬೇರೆ ಬೇರೆ ಪ್ರಕ್ರಿಯೆಗಳಾಗಿ ಒಡೆದು ನಡುವೆ ಗೋಡೆ ಕಟ್ಟಿತು. ಫೈರ್‌ಫಾಕ್ಸ್ 2016ರಲ್ಲಿ ಅದೇ ದಾರಿ ಹಿಡಿಯಿತು. ಒಂದು ಕೋಣೆಗೆ ಬೆಂಕಿ ಬಿದ್ದರೆ ಪಕ್ಕದ ಕೋಣೆ ಉಳಿಯುತ್ತದೆ. ಆದರೆ ಗೋಡೆ ಹೆಚ್ಚಾದಷ್ಟೂ ಜಾಗ ಬೇಕು. ನಲವತ್ತು ಟ್ಯಾಬ್ ತೆರೆದಿಟ್ಟು ರ‍್ಯಾಮ್ ತುಂಬಿದಾಗ ವ್ಯವಸ್ಥೆ ಹಳೆಯ ಸಾಮಾನನ್ನು ಡಿಸ್ಕ್‌ಗೆ ಸಾಗಿಸಿ, ಬೇಕಾದಾಗ ಮತ್ತೆ ಹೊತ್ತು ತರುತ್ತದೆ. ತಿರುಗುವ ಹಾರ್ಡ್ ಡಿಸ್ಕ್ ರ‍್ಯಾಮ್‌ಗಿಂತ ಸುಮಾರು ಒಂದು ಲಕ್ಷ ಪಟ್ಟು ನಿಧಾನ. ಒಗ್ಗರಣೆಗೆ ಕೈಗೆಟುಕುವ ಡಬ್ಬಿಯಿಂದ ಸಾಸಿವೆ ತೆಗೆಯಲು ಒಂದು ಸೆಕೆಂಡ್ ಸಾಕೆಂದರೆ, ಡಿಸ್ಕ್‌ನಿಂದ ತರಲು 27 ಗಂಟೆಗೂ ಮಿಕ್ಕಿ ಕಾಯಬೇಕು! ಹೊಸ ಎಸ್‌ಎಸ್‌ಡಿಗಳು ಎಷ್ಟೋ ವಾಸಿ, ಆದರೂ ನೂರಾರು ಪಟ್ಟು ಹಿಂದೆಯೇ.

ಈಗ ಆ ಜನವರಿ 13ಕ್ಕೆ ಮರಳೋಣ. ಅಂತರಜಾಲದೊಡನೆ ಕೊಡುಕೊಳ್ಳುವ ಕೆಲಸಕ್ಕೆ ಫೈರ್‌ಫಾಕ್ಸ್ ಬೇರೊಬ್ಬ ಆಳನ್ನಿಟ್ಟಿತ್ತು. ಅವನೂ ಒಬ್ಬನೇ. ಬಳಕೆಯ ಅಂಕಿಅಂಶವನ್ನು ಅದನ್ನು ರೂಪಿಸುವ ಮೊಜಿಲ್ಲಾ ಸಂಸ್ಥೆಗೆ ಕಳಿಸುವುದೂ ಅವನ ಕೆಲಸಗಳಲ್ಲೊಂದು. ಅದನ್ನು ಬರಮಾಡಿಕೊಳ್ಳುವ ಗೂಗಲ್ ಕ್ಲೌಡ್ ವ್ಯವಸ್ಥೆ ಅಂದು ಸದ್ದಿಲ್ಲದೆ ಎಚ್‌ಟಿಟಿಪಿ/3 ಎಂಬ ಹೊಸ ಸಂವಹನ ಪದ್ಧತಿಗೆ ಹೊರಳಿತು. ಹೀಗೆ ಕಳಿಸುವ ಮಾಹಿತಿಯ ಕಟ್ಟಿನ ಮೇಲೆ ಅದರ ಉದ್ದ ಇಷ್ಟು ಎಂಬ ಚೀಟಿ ಇರುತ್ತದೆ. ಫೈರ್‌ಫಾಕ್ಸ್‌ನ ಒಂದು ಭಾಗ ಆ ಚೀಟಿಯ ಹೆಸರನ್ನು ಇಂಗ್ಲಿಷಿನ ಸಣ್ಣಕ್ಷರದಲ್ಲಿ ಬರೆಯುತ್ತಿತ್ತು. ಎಚ್‌ಟಿಟಿಪಿ/3 ನೋಡಿಕೊಳ್ಳುವ ಭಾಗ ಅದನ್ನು ದೊಡ್ಡಕ್ಷರದಲ್ಲಿ ಹುಡುಕುತ್ತಿತ್ತು. ಸಿಗಲಿಲ್ಲ. ಉದ್ದ ಸೊನ್ನೆ ಎಂದುಕೊಂಡಿತು. ಆದರೆ ಕಳಿಸಬೇಕಾದ ಸರಕು ಮುಂದೆಯೇ ಬಿದ್ದಿದೆ! ಈ ಗೊಂದಲದಲ್ಲಿ ಆಳು ಸುತ್ತತೊಡಗಿದ, ಸುತ್ತುತ್ತಲೇ ಉಳಿದ. ಹಿಂದೆ ನಿಂತ ಪುಟಗಳಿಗೆಲ್ಲ ದಾರಿ ಕಟ್ಟಾಯಿತು. ದೊಡ್ಡಕ್ಷರ, ಸಣ್ಣಕ್ಷರಗಳ ಗೊಡವೆಯೇ ಇಲ್ಲದ ಲಿಪಿಯಲ್ಲಿ ಬರೆಯುವ ನಮಗೆ ಇದು ತಮಾಷೆಯಾಗಿ ಕಾಣಬಹುದು.

ಆ ದೋಷ ಹೊಸದಲ್ಲ. ಒಳಗೆ ಮಲಗಿದ್ದುದನ್ನು ಹೊರಗಿನ ಬದಲಾವಣೆ ಎಬ್ಬಿಸಿತು ಅಷ್ಟೆ. ಎಚ್‌ಟಿಟಿಪಿ/3 ಆಯ್ಕೆಯನ್ನು ತಾವೇ ಆಫ್ ಮಾಡಿದವರ ಬ್ರೌಸರ್ ಓಡತೊಡಗಿತು. ಗೂಗಲ್ ಕ್ಲೌಡ್ ಕಡೆಯ ಬದಲಾವಣೆಯನ್ನು ಹಿಂತೆಗೆದಾಗ ಉಳಿದವರದೂ ಸರಿಹೋಯಿತು.

ಮೊದಲು ಅನುಮಾನ ಬಂದದ್ದೇ ಕಾರಣವಾಗಿರಬೇಕಿಲ್ಲ. ನಮ್ಮ ಮನೆಯ ಕಂಪ್ಯೂಟರಿಗೂ ಇದೇ ಪಾಠ. ತೊಂದರೆ ಬಂದ ಕೂಡಲೇ ಬ್ರೌಸರ್ ಕಿತ್ತುಹಾಕಿ ಮತ್ತೆ ಹಾಕುವುದು ಹಲವರ ಅಭ್ಯಾಸ. ಆದರೆ ನಮ್ಮ ಸೆಟ್ಟಿಂಗ್, ನಾವು ಸೇರಿಸಿಕೊಂಡ ಎಕ್ಸ್‌ಟೆನ್ಷನ್ ಎಂಬ ಕಿರುತಂತ್ರಾಂಶಗಳು, ಇತಿಹಾಸ ಇರುವುದು ಪ್ರೊಫೈಲ್ ಎಂಬ ಬೇರೆ ಕಡತಕೋಶದಲ್ಲಿ. ಸಾಮಾನ್ಯವಾಗಿ ಅದು ಹಾಗೆಯೇ ಉಳಿದು, ಹೊಸ ಬ್ರೌಸರ್‌ಗೂ ಹಳೆಯ ಕಾಯಿಲೆ ಅಂಟಿಸುತ್ತದೆ. ಎತ್ತಿಗೆ ಜ್ವರ, ಎಮ್ಮೆಗೆ ಬರೆ.

ಬದಲಿಗೆ ಒಂದೊಂದನ್ನೇ ಬದಿಗಿಟ್ಟು ನೋಡಿ. ಒಂದೇ ಪುಟದಲ್ಲಿ ತೊಂದರೆಯೇ? ಆ ಪುಟವನ್ನು ಬೇರೆ ಬ್ರೌಸರ್‌ನಲ್ಲಿ ತೆರೆಯಿರಿ. ಅಲ್ಲೂ ನಿಂತರೆ ತಪ್ಪು ಬಹುಶಃ ಪುಟದ್ದೇ. ಎಲ್ಲ ಪುಟಗಳಲ್ಲೂ ಆದರೆ ಖಾಸಗಿ ಕಿಟಕಿ ತೆರೆಯಿರಿ. ಅಲ್ಲಿ ಪುಟಗಳು ಉಳಿಸಿಟ್ಟ ಗುರುತುಗಳಾದ ಹಳೆಯ ಕುಕಿಗಳಿರುವುದಿಲ್ಲ, ನೀವು ಅನುಮತಿ ಕೊಡದ ಎಕ್ಸ್‌ಟೆನ್ಷನ್‌ಗಳೂ ಓಡುವುದಿಲ್ಲ. ಅಲ್ಲಿ ಸುಸೂತ್ರವಾಗಿದ್ದರೆ ಅನುಮಾನ ಇವೆರಡರ ಮೇಲೆ. ಹದಿನಾರು ಎಕ್ಸ್‌ಟೆನ್ಷನ್ ಇದ್ದರೆ ಹದಿನಾರು ಸಲ ಪರೀಕ್ಷಿಸಬೇಕಿಲ್ಲ. ಅರ್ಧದಷ್ಟನ್ನು ಆಫ್ ಮಾಡಿ, ಕಾಟ ನಿಂತರೆ ಕಳ್ಳ ಆಫ್ ಮಾಡಿದ ಅರ್ಧದಲ್ಲಿ, ನಿಲ್ಲದಿದ್ದರೆ ಉಳಿದರ್ಧದಲ್ಲಿ. ಎಂಟು, ನಾಲ್ಕು, ಎರಡು, ಒಂದು. ಕಳ್ಳ ಒಬ್ಬನೇ ಆಗಿದ್ದರೆ ನಾಲ್ಕೇ ಪರೀಕ್ಷೆಗೆ ಸಿಕ್ಕಿಬೀಳುತ್ತಾನೆ.

ವಿಡಿಯೊ ನೋಡುವಾಗ ಅಥವಾ ಪುಟ ಸರಿಸುವಾಗ ಪರದೆ ಕಪ್ಪಾಗಿ ಬಿದ್ದರೆ ಸೆಟ್ಟಿಂಗ್‌ನಲ್ಲಿ ಹಾರ್ಡ್‌ವೇರ್ ಆ್ಯಕ್ಸಿಲರೇಷನ್ ಎಂಬ, ಗ್ರಾಫಿಕ್ಸ್ ಚಿಪ್ಪಿಗೆ ಕೆಲಸ ವಹಿಸುವ ಆಯ್ಕೆಯನ್ನು ಆಫ್ ಮಾಡಿ ನೋಡಿ. ಸರಿಹೋದರೆ ತೊಂದರೆ ಬಹುಶಃ ಗ್ರಾಫಿಕ್ಸ್ ಡ್ರೈವರಿನದು. ನಿಧಾನವೇ ಕಾಟವಾದರೆ ವಿಂಡೋಸ್‌ನ ಕ್ರೋಮ್‌ನಲ್ಲಿ ಶಿಫ್ಟ್ ಹಿಡಿದು ಎಸ್ಕೇಪ್ ಒತ್ತಿ. ಯಾವ ಟ್ಯಾಬ್ ಎಷ್ಟು ರ‍್ಯಾಮ್ ನುಂಗಿದೆ ಎಂಬ ಪಟ್ಟಿ ಬರುತ್ತದೆ. ಯಾವ ಬ್ರೌಸರ್ ಹಾಕಿದರೂ ಅದೂ, ಬೇರೆ ಪ್ರೋಗ್ರಾಮುಗಳೂ ಗೊತ್ತುಗುರಿಯಿಲ್ಲದೆ ಬೀಳುತ್ತಿದ್ದರೆ ರ‍್ಯಾಮ್ ಚಿಪ್ಪನ್ನೇ ಪರೀಕ್ಷಿಸಬೇಕು. ವಿಂಡೋಸ್‌ನಲ್ಲಿ ಅದಕ್ಕೊಂದು ಸಲಕರಣೆ ಇದ್ದೇ ಇದೆ.

ಇಷ್ಟಾದರೂ ಬಗೆಹರಿಯದೆ ರಿಪೇರಿಯವರ ಬಳಿ ಹೋಗಬೇಕಾದರೆ ಒಂದು ಚೀಟಿ ಬರೆದುಕೊಂಡು ಹೋಗಿ: ಯಾವ ಪುಟ, ಎಷ್ಟು ಹೊತ್ತಿಗೆ, ಏನನ್ನು ಆಫ್ ಮಾಡಿದಾಗ ಕಾಟ ನಿಂತಿತು, ಏನನ್ನು ಆಫ್ ಮಾಡಿದರೂ ನಿಲ್ಲಲಿಲ್ಲ. ಆಮೇಲೆ ಧೈರ್ಯವಾಗಿ ಹೇಳಿ, “ನಾನೇನೂ ಮಾಡಿಲ್ಲ ಸಾರ್.” ರಾತ್ರೋರಾತ್ರಿ ತಾನಾಗಿಯೇ ಬದಲಾಗುವ ತಂತ್ರಾಂಶದ ಕಾಲದಲ್ಲಿ ಅದು ಬಹಳ ಸಲ ನಿಜವೇ.