ಕಂಪ್ಯೂಟರಿನ ವೇಗವೂ ಮನೆಯ ಗಾಳಿಯೂ

ನಮ್ಮ ಪಟ್ಟಣದ ಗೃಹಸ್ಥರಲ್ಲಿ ಕಂಪ್ಯೂಟರನ್ನು ಕೊಳ್ಳದವರು ವಿರಳ. ಅದರ ಪೆಟ್ಟಿಗೆಯ ಮೇಲೆ ಅಚ್ಚಾಗಿರುವ ಅಂಕಿಗಳ ಅರ್ಥವೇನೆಂದು ವಿಚಾರಿಸಿದವರು ಅದಕ್ಕಿಂತಲೂ ವಿರಳ. ನಾವಂತೂ ವಿಚಾರಿಸಿರಲಿಲ್ಲ. ಅದರ ಫಲವಾಗಿ, ನಿರಪರಾಧಿಯಾದ ಒಬ್ಬ ವರ್ತಕನ ಮೇಲೆ ಮೋಸದ ಆರೋಪ ಹೊರಿಸುವುದಕ್ಕೆ ಹೊರಟು, ಸ್ವಲ್ಪದರಲ್ಲಿ ಆ ಪಾಪದಿಂದ ಪಾರಾದೆವು. ಆ ವೃತ್ತಾಂತವು ವಾಚಕರಲ್ಲಿ ಕೆಲವರಿಗಾದರೂ ಉಪಯೋಗವಾಗಬಹುದೆಂಬ ನಂಬಿಕೆಯಿಂದ ಇಲ್ಲಿ ಬರೆಯುತ್ತೇವೆ.

ತಿಲಕ್ ನಗರದ ನಮ್ಮ ಮನೆಯ ನಡುಮನೆಯೇ ನಮ್ಮ ಮಗಳ ಕಾರ್ಯಾಲಯ. ಕಟ್ಟಡಗಳ ನಕ್ಷೆಯನ್ನು ನೋಡಿ, ಕಟ್ಟಿದ ಮೇಲೆ ಆ ಮನೆ ಹೇಗೆ ಕಾಣುವುದೆಂಬ ಚಿತ್ರವನ್ನು ಕಂಪ್ಯೂಟರಿನಲ್ಲಿ ಸಿದ್ಧಪಡಿಸಿಕೊಡುವುದು ಅವಳ ಉದ್ಯೋಗ. ಹೇಳಿದ ಹೊತ್ತಿಗೆ ಚಿತ್ರ ಹೋಗದಿದ್ದರೆ ಹಣವೂ ಇಲ್ಲ, ಮುಂದಿನ ಕೆಲಸವೂ ಇಲ್ಲ. ಅವಳ ಯಂತ್ರದಲ್ಲಿರುವುದು ಇಂಟೆಲ್ ಸಂಸ್ಥೆಯ ಕೋರ್ ಐ5-12400 ಎಂಬ ಪ್ರೊಸೆಸರು. ಅದರ ಅತ್ಯುಚ್ಚ ವೇಗ 4.4 ಗಿಗಾಹರ್ಟ್ಸ್ ಎಂದು ಬರೆದಿದೆ. ಏಪ್ರಿಲ್ ತಿಂಗಳ ಒಂದು ಮಧ್ಯಾಹ್ನ ಅವಳು ನಮ್ಮನ್ನು ಕರೆದು, “ಅಪ್ಪಾ, ಮೊದಲು 31 ನಿಮಿಷದಲ್ಲಿ ಮುಗಿಯುತ್ತಿದ್ದ ಚಿತ್ರಕ್ಕೆ ಈಗ 40 ನಿಮಿಷ ಬೇಕು. ವೇಗವನ್ನು ನೋಡಿದರೆ ಮೂರೇ ತೋರಿಸುತ್ತಿದೆ. ಅಂಗಡಿಯವರು ಕಳಪೆ ಸಾಮಾನು ಕೊಟ್ಟು ನಮಗೆ ಮೋಸ ಮಾಡಿದ್ದಾರೆ” ಎಂದಳು. ಸಾಲ ಮಾಡಿಯಾದರೂ ಹೊಸದನ್ನು ತರಬೇಕೆಂಬ ಮಾತೂ ಬಂದಿತು. ನಾವು ಛತ್ರಿ ಹಿಡಿದು ಅಂಗಡಿಗೆ ಹೊರಟೇಬಿಟ್ಟೆವು. ಬಾಗಿಲ ಬಳಿ ಮಾತ್ರ ಒಂದು ಶಂಕೆ ಹುಟ್ಟಿತು: ಆ ಅಂಕಿಯ ಅರ್ಥವೇನೆಂದು ಆತ ಕೇಳಿದರೆ ನಾವೇನು ಹೇಳುವುದು? ಹಿಂದಿರುಗಿ ಬಂದು ಶಿಷ್ಯರಾಗಿ ಕುಳಿತೆವು.

ಪ್ರೊಸೆಸರು ಒಂದು ತಾಳಕ್ಕೆ ಅನುಸಾರವಾಗಿ ಕೆಲಸ ಮಾಡತಕ್ಕದ್ದು. ಒಂದು ಗಿಗಾಹರ್ಟ್ಸ್ ಎಂದರೆ ಸೆಕೆಂಡಿಗೆ 100 ಕೋಟಿ ಬಡಿತ. ಮೇಲೆ ಹೇಳಿದ ಪ್ರೊಸೆಸರಿಗೆ ಎರಡು ವೇಗಗಳನ್ನು ಹೇಳಿದೆ: ಮೂಲ ವೇಗ 2.5, ಬೂಸ್ಟ್ ವೇಗ 4.4. ಮೊದಲನೆಯದು ಸರಿಯಾದ ಸ್ಥಿತಿಯಲ್ಲಿ ಸದಾ ನಿರ್ವಹಿಸಬಲ್ಲ ನಡಿಗೆ. ಎರಡನೆಯದು ಅನುಕೂಲವಿದ್ದಾಗ ಮುಟ್ಟಬಹುದಾದ ಮೇಲಿನ ಎಲ್ಲೆ. ವಿದ್ವಾಂಸನು ದ್ರುತಕಾಲದಲ್ಲಿ ಹಾಡಬಲ್ಲನೆಂದಮಾತ್ರಕ್ಕೆ ಕಚೇರಿಯ ಮೂರು ಗಂಟೆಯೂ ದ್ರುತವೇ ಆಗಬೇಕೆಂದು ಯಾರೂ ಕೇಳುವುದಿಲ್ಲವಷ್ಟೆ.

ಈ ಏರ್ಪಾಡನ್ನು ಇಂಟೆಲ್ ಸಂಸ್ಥೆಯವರು ಟರ್ಬೊ ಬೂಸ್ಟ್ ಎಂಬ ಹೆಸರಿನಿಂದ 2008ರ ನವೆಂಬರಿನಲ್ಲಿ ತಮ್ಮ ಕೋರ್ ಐ7ರಲ್ಲಿ ಬಳಕೆಗೆ ತಂದರು. ಎ.ಎಂ.ಡಿ. ಸಂಸ್ಥೆಯವರು 2010ರಲ್ಲಿ ಟರ್ಬೊ ಕೋರ್ ಎಂಬುದನ್ನೂ, 2017ರಲ್ಲಿ ರೈಜನ್ ಪ್ರೊಸೆಸರುಗಳೊಡನೆ ಪ್ರಿಸಿಷನ್ ಬೂಸ್ಟ್ ಎಂಬುದನ್ನೂ ತಂದರು. ಈ ವಿದ್ಯೆ ನಮ್ಮ ಊರಿಗೆ ದೂರದ್ದಲ್ಲ. ಅದೇ 2008ರಲ್ಲಿ ಹೊರಬಂದ, ಆರು ಕೋರುಗಳುಳ್ಳ ಇಂಟೆಲ್ ಜಿಯಾನ್ 7400 ಶ್ರೇಣಿಯ ವಿನ್ಯಾಸವು ಬೆಂಗಳೂರಿನಲ್ಲಿಯೇ ಆದುದು, ಎ.ಎಂ.ಡಿ.ಯವರು ತಮ್ಮ ಅತಿ ದೊಡ್ಡ ವಿನ್ಯಾಸ ಕೇಂದ್ರವನ್ನು 2023ರ ನವೆಂಬರಿನಲ್ಲಿ ಇಲ್ಲಿಯೇ ತೆರೆದರು.

ಇನ್ನು ಬೂಸ್ಟ್ ವೇಗವನ್ನು ಹೆಚ್ಚುಕಡಮೆ ಮಾಡುವ ಕಾರಣಗಳಾವುವು? ಮೊದಲನೆಯದು, ಎಷ್ಟು ಕೋರುಗಳು ದುಡಿಯುತ್ತಿವೆ ಎಂಬುದು. ಐ5-12400ರಲ್ಲಿ ಆರು ಕೋರುಗಳಿವೆ. ಒಂದೇ ಕೋರು ದುಡಿಯುವಾಗ 4.4ರ ವರೆಗೆ ಏರಬಹುದು. ಆರೂ ದುಡಿಯುವಾಗ 4.0ನ್ನು ಮೀರುವುದಿಲ್ಲ. ಚಿತ್ರ ತಯಾರಿಸುವುದು ಆರೂ ಕೂಡಿ ಮಾಡುವ ಕೆಲಸವಾದ್ದರಿಂದ ಅಲ್ಲಿ 4.4ನ್ನು ನಿರೀಕ್ಷಿಸಿದ್ದೇ ನಮ್ಮ ತಪ್ಪು.

ಎರಡನೆಯದು ವಿದ್ಯುತ್ತು. ವೇಗ ಹೆಚ್ಚಬೇಕಾದರೆ ಸಾಮಾನ್ಯವಾಗಿ ವೋಲ್ಟೇಜೂ ಹೆಚ್ಚಬೇಕು. ವ್ಯಯವಾಗುವ ಶಕ್ತಿಯು ವೇಗವನ್ನೂ ವೋಲ್ಟೇಜಿನ ವರ್ಗವನ್ನೂ ಅನುಸರಿಸಿ ಬೆಳೆಯುತ್ತದೆ. ಎರಡೂ ನೂರಕ್ಕೆ ಹತ್ತರಂತೆ ಏರಿದರೆ ಶಕ್ತಿಯ ವ್ಯಯವು ನೂರಕ್ಕೆ ಮೂವತ್ತಮೂರರಷ್ಟು ಏರುವುದೆಂದು ಲೆಕ್ಕ ಹಾಕಿ ನೋಡಬಹುದು. ಆದಕಾರಣ ತಯಾರಕರು ಮಿತಿಗಳನ್ನು ಹಾಕಿದ್ದಾರೆ. ಈ ಪ್ರೊಸೆಸರು ಅಲ್ಪಕಾಲ 117 ವಾಟಿನ ವರೆಗೆ ಹೀರಬಹುದು; ಸಾಮಾನ್ಯವಾಗಿ 28 ಸೆಕೆಂಡಿನಷ್ಟು ಅವಕಾಶ ಕಳೆದ ಮೇಲೆ 65 ವಾಟಿಗೆ ಇಳಿಯಬೇಕು. ಮದರ್‌ಬೋರ್ಡ್ ತಯಾರಿಸುವವರು ಈ ಮಿತಿಯನ್ನು ಸಡಿಲಿಸುವುದುಂಟು. ಆಗ ವಿದ್ಯುತ್ತನ್ನು ಹದಮಾಡಿ ಕೊಡುವ ಅದರ ಭಾಗಗಳೂ ಆ ಭಾರವನ್ನು ತಾಳುವಂತಿರಬೇಕು.

ಮೂರನೆಯದು ಉಷ್ಣ. ಹೀರಿದ ವಿದ್ಯುತ್ತೆಲ್ಲವೂ ಕಡೆಗೆ ಶಾಖವಾಗಿ ಹೊರಬೀಳತಕ್ಕದ್ದು. ಈ ಪ್ರೊಸೆಸರು 100 ಡಿಗ್ರಿ ಸೆಲ್ಸಿಯಸನ್ನು ಮುಟ್ಟಿದರೆ, ತನ್ನನ್ನು ತಾನು ಕಾಪಾಡಿಕೊಳ್ಳಲು ವೇಗವನ್ನು ಇಳಿಸಿಕೊಳ್ಳುತ್ತದೆ. ನಾಲ್ಕನೆಯದು ಕೆಲಸದ ಸ್ವರೂಪ: ಒಂದೇ ಸಲಕ್ಕೆ ಅನೇಕ ಸಂಖ್ಯೆಗಳನ್ನು ಗುಣಿಸುವ ಭಾರಿ ಲೆಕ್ಕಗಳು ಅದೇ ವೇಗದಲ್ಲಿಯೇ ಹೆಚ್ಚು ವಿದ್ಯುತ್ತನ್ನು ಹೀರುವುದರಿಂದ, ಅಲ್ಲಿ ವೇಗವು ಬೇಗನೆ ತಗ್ಗುತ್ತದೆ. ಇವಲ್ಲದೆ ವಿಂಡೋಸಿನಲ್ಲಿ ವಿದ್ಯುತ್ ಉಳಿತಾಯದ ಆಯ್ಕೆ ಇದ್ದರೂ ವೇಗ ಕುಂದಬಹುದು.

ಊರಿನ ವಾಯುಗುಣವೂ ಇದರಲ್ಲಿ ಸೇರಿದೆ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿರುವುದರಿಂದ ಇಲ್ಲಿಯ ಗಾಳಿ ಕರಾವಳಿಯ ಗಾಳಿಗಿಂತ ನೂರಕ್ಕೆ ಎಂಟೊಂಬತ್ತರಷ್ಟು ತೆಳು. ಫ್ಯಾನು ಅದೇ ಸುತ್ತು ಸುತ್ತಿದರೂ ಅಷ್ಟರಮಟ್ಟಿಗೆ ಕಡಮೆ ಶಾಖವನ್ನು ಒಯ್ಯುತ್ತದೆ. ತಂಪಾದ ಊರೆಂಬ ನಮ್ಮ ಅಭಿಮಾನವೂ ಬೇಸಗೆಯಲ್ಲಿ ನಿಲ್ಲುವುದಿಲ್ಲ. 2016ರ ಏಪ್ರಿಲ್ 24ರಂದು ಇಲ್ಲಿ 39.2 ಡಿಗ್ರಿ ದಾಖಲಾಯಿತು. ಕೋಣೆಯ ಗಾಳಿ ಬಿಸಿಯಾದಷ್ಟೂ ಪ್ರೊಸೆಸರೂ ಬಿಸಿಯಾಗುವುದು ಸಹಜ.

ಕಾರಣಗಳು ಹಲವಿರುವಾಗ ನಮ್ಮ ಮನೆಯ ದೋಷಕ್ಕೆ ಕಾರಣ ಯಾವುದು? ಇಲ್ಲಿ ನಮಗೆ ಪಾಠಶಾಲೆಯಲ್ಲಿ ಕಲಿತ ಅನ್ವಯವ್ಯತಿರೇಕ ನ್ಯಾಯವು ಒದಗಿತು: ಯಾವುದಿದ್ದರೆ ಕಾರ್ಯವಿರುವುದೋ, ಯಾವುದಿಲ್ಲದಿದ್ದರೆ ಕಾರ್ಯವಿಲ್ಲವೋ, ಅದೇ ಕಾರಣ. ಒಂದು ಸಲಕ್ಕೆ ಒಂದನ್ನೇ ಬದಲಾಯಿಸಿ ನೋಡಬೇಕು. ಉಷ್ಣವನ್ನು ಅಳೆಯುವಾಗ 100 ಡಿಗ್ರಿ ಕಂಡಿತು, ವೇಗ 3.0. ರಸ್ತೆಯ ಧೂಳು ಬೀಳಬಾರದೆಂದು, ಯಂತ್ರವನ್ನು ಮರದ ಬೀರುವಿನೊಳಗಿಟ್ಟು ಬಾಗಿಲು ಮುಚ್ಚಿಸಿದವರು ಬೇರೆ ಯಾರೂ ಅಲ್ಲ, ನಾವೇ. ಬಾಗಿಲು ತೆರೆದೆವು. ವೇಗ 3.4ಕ್ಕೆ ಏರಿತು, ಉಷ್ಣ ಮಾತ್ರ 100ರಲ್ಲಿಯೇ ನಿಂತಿತು; ದೊರೆತ ತಂಪನ್ನೆಲ್ಲ ಪ್ರೊಸೆಸರು ವೇಗಕ್ಕೇ ವ್ಯಯಿಸಿಬಿಟ್ಟಿತು. ಬಳಿಕ ಪ್ಲಗ್ಗನ್ನು ಕಿತ್ತು, ಯಂತ್ರವನ್ನು ಬಿಚ್ಚಿ, ತಂಪುಮಾಡುವ ರೆಕ್ಕೆಗಳ ನಡುವೆ ಕಂಬಳಿಯಂತೆ ಕುಳಿತಿದ್ದ ಧೂಳನ್ನು ಮೆತ್ತನೆಯ ಕುಂಚದಿಂದ ತೆಗೆದೆವು. ವೇಗ 3.9, ಉಷ್ಣ 84. ಈಗ ವೇಗವನ್ನು ತಡೆಯುತ್ತಿದ್ದುದು ಶಾಖವಲ್ಲ, 65 ವಾಟಿನ ಮಿತಿ. ಕಡೆಗೆ ಪ್ರೊಸೆಸರಿನ ಮೇಲೆ ಒಣಗಿದ್ದ ಥರ್ಮಲ್ ಪೇಸ್ಟನ್ನು ಒರೆಸಿ ಹೊಸದನ್ನು ತೆಳ್ಳಗೆ ಹಚ್ಚಿದೆವು: ಉಷ್ಣ 76ಕ್ಕೆ ಇಳಿಯಿತು, ವೇಗ ಹಾಗೆಯೇ ಉಳಿಯಿತು. ಚಿತ್ರವು ಮತ್ತೆ 31 ನಿಮಿಷದಲ್ಲಿ ಸಿದ್ಧವಾಯಿತು. ಮಗಳ ಕೆಲಸವೂ ಹೊತ್ತಿಗೆ ಸರಿಯಾಗಿ ತಲುಪಿತು.

ಆದ್ದರಿಂದ ಗೃಹಸ್ಥರು ಗಮನಿಸತಕ್ಕದ್ದಿಷ್ಟು: ಯಂತ್ರವನ್ನು ಬೀರುವಿನಲ್ಲಿ ಮುಚ್ಚಬೇಡಿರಿ, ಗೋಡೆಗೆ ಒತ್ತರಿಸಬೇಡಿರಿ, ಬೇಸಗೆಗೆ ಮುಂಚೆ ಧೂಳು ತೆಗೆಯಿರಿ, ತೆಗೆಯುವಾಗ ಫ್ಯಾನು ತಿರುಗದಂತೆ ಬೆರಳಿನಿಂದ ಹಿಡಿಯಿರಿ, ಹಣ ತೆರುವುದಕ್ಕೆ ಮೊದಲು ಪರೀಕ್ಷಿಸಿ ನೋಡಿರಿ.

ಆ ಪೇಸ್ಟನ್ನು ಕೊಂಡು ತಂದದ್ದು ಅದೇ ಅಂಗಡಿಯಿಂದ. “ಏನು ಮೇಷ್ಟ್ರೇ, ಯಂತ್ರ ಚೆನ್ನಾಗಿದೆಯೇ?” ಎಂದು ಆತ ವಿಚಾರಿಸಿದನು. “ಯಂತ್ರ ಚೆನ್ನಾಗಿದೆಯಪ್ಪ, ಇಟ್ಟವರದೇ ತಪ್ಪು” ಎಂದು ಹೇಳಿ, ಪೇಸ್ಟಿನ ಬೆಲೆ ಕೊಟ್ಟು ಹಿಂದಿರುಗಿದೆವು.