ಪೆರೊನ ಗಡಿಯಾರ ಎಳೆದ ಗೆರೆ

ಪ್ಯಾರಿಸ್ಸಿನಲ್ಲಿ ಕ್ಲಾಡ್ ಪೆರೊ ಎಂಬ ವೈದ್ಯನಿದ್ದ. ಲೂವ್ರ್ ಅರಮನೆಯ ಪೂರ್ವದ ಮುಂಭಾಗ ರೂಪಿಸಿದವರಲ್ಲಿ ಅವನೂ ಒಬ್ಬ. 1670ರ ದಶಕದಲ್ಲಿ ಅವನು ಗಣಿತಜ್ಞರ ಮುಂದೆ ಒಂದು ಪ್ರಶ್ನೆ ಇಟ್ಟ. ಜೇಬುಗಡಿಯಾರವನ್ನು ಮೇಜಿನ ಮೇಲಿಟ್ಟು, ಸರಪಳಿಯ ತುದಿ ಹಿಡಿದು ಮೇಜಿನ ಅಂಚಿನುದ್ದಕ್ಕೂ ಎಳೆದ. ಕೈ ನೆಟ್ಟಗೆ ಸಾಗಿತು, ಗಡಿಯಾರ ಮಾತ್ರ ಬಾಗುತ್ತ ಅಂಚಿನತ್ತ ಸರಿಯಿತು. ಅದು ಎಳೆದ ಗೆರೆ ಯಾವುದು?

ಆಗ ಪ್ಯಾರಿಸ್ಸಿನಲ್ಲೇ ಇದ್ದ ಜರ್ಮನಿಯ ಲೈಬ್ನಿಟ್ಸ್ 1693ರಲ್ಲಿ ಉತ್ತರ ಪ್ರಕಟಿಸಿದ.

ಸರಪಳಿ 50 ಸೆಂ.ಮೀ. ಎಂದುಕೊಳ್ಳಿ. ಗಡಿಯಾರ ಅಂಚಿನಿಂದ 30 ಸೆಂ.ಮೀ. ದೂರದಲ್ಲಿದ್ದಾಗ ಕೈ 40 ಸೆಂ.ಮೀ. ಮುಂದಿರುತ್ತದೆ. ಗಡಿಯಾರ ಸರಪಳಿ ಎಳೆದತ್ತಲೇ ಹೋಗಬೇಕು. ಹಾಗಾಗಿ ಆ ಕ್ಷಣಕ್ಕೆ ಅದರ ನಡೆ 4 ಪಾಲು ಮುಂದಕ್ಕೆ, 3 ಪಾಲು ಅಂಚಿನತ್ತ. ದೂರ 14ಕ್ಕೆ ಇಳಿದರೆ ಕೈ 48 ಸೆಂ.ಮೀ. ಮುಂದೆ; ಗಡಿಯಾರದ ದಾರಿ ಆಗ ಅಷ್ಟೇನೂ ಓರೆಯಲ್ಲ. ಎಲ್ಲಿದ್ದರೆ ಎತ್ತ ಹೋಗಬೇಕೆಂಬ ಈ ನಿಯಮವೇ ಪ್ರಥಮ ದರ್ಜೆಯ ಅವಕಲ ಸಮೀಕರಣ, ಅಂದರೆ ಡಿಫರೆನ್ಷಿಯಲ್ ಈಕ್ವೇಶನ್.

ಬಿಡಿಸುವ ದಾರಿಯೂ ಲೈಬ್ನಿಟ್ಸ್‌ನದೇ. ಅಂಚಿನಿಂದ ಗಡಿಯಾರದ ದೂರ ವೈ, ಅಂಚಿನುದ್ದಕ್ಕೂ ಅದು ಸಾಗಿದ ದೂರ ಎಕ್ಸ್ ಎಂದುಕೊಂಡರೆ, ವೈ ಇರುವುದೆಲ್ಲ ಒಂದು ಕಡೆ, ಎಕ್ಸ್ ಇರುವುದೆಲ್ಲ ಇನ್ನೊಂದು ಕಡೆ. ಆಮೇಲೆ ಎರಡನ್ನೂ ಅನುಕಲಿಸುವುದು, ಅಂದರೆ ಇಂಟಿಗ್ರೇಟ್ ಮಾಡುವುದು. ಈ ಉಪಾಯವನ್ನು ಅವನು 1691ರಲ್ಲಿ ವಿಜ್ಞಾನಿ ಹೈಗನ್ಸ್‌ಗೆ ಪತ್ರದಲ್ಲಿ ತಿಳಿಸಿದ್ದ. ಅನುಕಲನ ಮುಗಿದಾಗ ಕೊನೆಗೊಂದು ಸ್ಥಿರಾಂಕ, ನಮ್ಮ ವಿದ್ಯಾರ್ಥಿಗಳ 'ಪ್ಲಸ್ ಸಿ', ಉಳಿಯುತ್ತದೆ. ಗಡಿಯಾರವನ್ನು 10 ಸೆಂ.ಮೀ. ಬಲಕ್ಕಿಟ್ಟು ಎಳೆಯಲು ಶುರುಮಾಡಿದರೆ ಇಡೀ ಗೆರೆಯೇ 10 ಸೆಂ.ಮೀ. ಬಲಕ್ಕೆ ಸರಿಯುತ್ತದೆ. ನಿಯಮ ಬದಲಾಗಿಲ್ಲ, ಬದಲಾದದ್ದು ಸಿ ಒಂದೇ. ಗಡಿಯಾರವನ್ನು ಮೊದಲು ಎಲ್ಲಿಟ್ಟೆವು ಎಂಬುದೇ ಆರಂಭಿಕ ಷರತ್ತು.

ಎಲ್ಲ ಸಮೀಕರಣಗಳೂ ಹೀಗೆ ಸುಲಭವಾಗಿ ಬಿಡಿಸಿಕೊಳ್ಳುವುದಿಲ್ಲ. ಅಂಥವಕ್ಕೆ ಗಣಿತಜ್ಞ ಆಯ್ಲರ್ 1768ರಲ್ಲಿ ಪ್ರಕಟಿಸಿದ ವಿಧಾನವಿದೆ: ಆರಂಭದ ಬಿಂದುವಿನಲ್ಲಿ ನಿಂತು ನಿಯಮ ತೋರಿದತ್ತ ಒಂದು ಪುಟ್ಟ ಹೆಜ್ಜೆ, ಅಲ್ಲಿ ಮತ್ತೆ ನಿಯಮ ನೋಡಿ ಇನ್ನೊಂದು ಹೆಜ್ಜೆ. ಹೆಜ್ಜೆ ಕಿರಿದಾದಷ್ಟೂ ಗೆರೆ ನಿಜಕ್ಕೆ ಹತ್ತಿರ. ಈ ನಂಬಿಕೆಗೆ ಪುರಾವೆ ಕೊಟ್ಟವನು ಗಣಿತಜ್ಞ ಕೋಶಿ. ನಿಯಮ ಹಠಾತ್ತನೆ ಜಿಗಿಯದೆ ಹದವಾಗಿ ಬದಲಾಗುತ್ತಿದ್ದರೆ, ಒಂದು ಆರಂಭಬಿಂದುವಿನಿಂದ ಹೊರಡುವ ದಾರಿ ಒಂದೇ ಎಂದು ಅವನು 1820ರ ದಶಕದಲ್ಲಿ ಪ್ಯಾರಿಸ್ಸಿನ ಎಕೋಲ್ ಪಾಲಿಟೆಕ್ನಿಕ್‌ನಲ್ಲಿ ಪಾಠ ಮಾಡಿದ.

ಹೀಗೆ ದಾರಿಯನ್ನು ಗೊತ್ತುಮಾಡುವ ಆರಂಭಿಕ ಷರತ್ತನ್ನೇ ನಾವು ಪರೀಕ್ಷೆಯಲ್ಲಿ ಲೆಕ್ಕದ ಕೊನೆಯ ಸಾಲೆಂದು ಅವಸರದಲ್ಲಿ ಮುಗಿಸಿಬಿಡುತ್ತೇವೆ. ಇಂದು ಒಂದು ಬೀಗದ ಕೈಗೆ ದಾರ ಕಟ್ಟಿ, ಮಕ್ಕಳ ಮುಂದೆ ಮೇಜಿನ ಮೇಲೆ ಎಳೆದು ತೋರಿಸಿ. ಆಮೇಲೆ ಅದನ್ನು ಬೇರೆ ಜಾಗದಲ್ಲಿಟ್ಟು ಎಳೆಯಲು ಅವರಿಗೇ ಹೇಳಿ. ಸಿ ಎಂದರೇನೆಂದು ಅವರ ಕಣ್ಣಿಗೇ ಕಾಣುತ್ತದೆ.